ಬಾಂಬ್ ನಗರಗಳಿಗೆ ಬೇರೆ ಬದುಕು ಸಿಕ್ಕಿತೇ?

ಪ್ರಶ್ನೆ: ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ಗುಪ್ತ ಅಣ್ವಸ್ತ್ರ ನಗರಗಳಲ್ಲಿ ನಾಗರಿಕ ಉದ್ಯಮ ಬೆಳೆಸುವ ಪ್ರಯತ್ನ ನಡೆಯಿತೆಂದು ಓದಿದ್ದೇನೆ. ಅಷ್ಟೊಂದು ಬುದ್ಧಿವಂತರಿದ್ದ ಊರುಗಳಿಗೆ ಅದೇಕೆ ಕಷ್ಟವಾಯಿತು?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬುದ್ಧಿಗೇನೂ ಕೊರತೆ ಇರಲಿಲ್ಲ, ಅಡ್ಡ ಬಂದದ್ದು ಊರಿನ ಸುತ್ತಲಿದ್ದ ಬೇಲಿ. ಅರ್ಜಮಾಸ್-16, ಚೆಲ್ಯಾಬಿನ್‌ಸ್ಕ್-70, ತೋಮ್‌ಸ್ಕ್-7 ಮೊದಲಾದ ಹತ್ತು ನಗರಗಳು ಭೂಪಟದಲ್ಲೇ ಇರಲಿಲ್ಲ. ಶಾಲೆ, ಆಸ್ಪತ್ರೆ, ಅಂಗಡಿಯ ದಿನಸಿ ಎಲ್ಲವೂ ಬಾಂಬಿನ ಖಾತೆಯಿಂದಲೇ ನಡೆಯುತ್ತಿದ್ದವು. 1991ರ ನಂತರ ಆ ಹಣ ಬತ್ತಿತು, ತಿಂಗಳುಗಟ್ಟಲೆ ಸಂಬಳವಾಗಲಿಲ್ಲ. ಸಿಬ್ಬಂದಿಗೆ ಸಂಬಳ ಕೊಡಲಾಗದೆ ಕಂಗೆಟ್ಟಿದ್ದ ಚೆಲ್ಯಾಬಿನ್‌ಸ್ಕ್-70ರ ಅಣ್ವಸ್ತ್ರ ಸಂಶೋಧನಾ ಕೇಂದ್ರದ ನಿರ್ದೇಶಕ ವ್ಲಾದಿಮಿರ್ ನೆಚಾಯ್ 1996ರ ಅಕ್ಟೋಬರ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆ ಸಾವು ಇಂದಿಗೂ ನನ್ನನ್ನು ಕಲಕುತ್ತದೆ.

ಈ ಊರುಗಳಲ್ಲಿ ಹೊಸ ಉದ್ಯಮ ಕಟ್ಟಲೆಂದು 1998ರಲ್ಲಿ ಅಮೆರಿಕ ಮತ್ತು ರಷ್ಯಾ ಒಪ್ಪಂದ ಮಾಡಿಕೊಂಡವು. ಆದರೆ ಬಂಡವಾಳ ಹೂಡುವವರು ಊರೊಳಗೆ ಕಾಲಿಡಲು ವಾರಗಟ್ಟಲೆ ಮುಂಚೆ ಅನುಮತಿ ಕೇಳಬೇಕಿತ್ತು. ಅರ್ಜಮಾಸ್-16, ಅಂದರೆ ಇಂದಿನ ಸರೋವ್‌ನಲ್ಲಿ, ಬಾಂಬ್ ಜೋಡಿಸುತ್ತಿದ್ದ ಅವಾನ್‌ಗಾರ್ದ್ ಕಾರ್ಖಾನೆಯ ಕೆಲವು ಕಟ್ಟಡಗಳನ್ನು ಉದ್ಯಮಕ್ಕೆ ಬಿಟ್ಟುಕೊಡಲು ಕಾರ್ಖಾನೆಯ ಬೇಲಿಯನ್ನೇ ಹಿಂದಕ್ಕೆ ಸರಿಸಿದರು. ಅದರಾಚೆ ಊರಿನ ಬೇಲಿ ಹಾಗೆಯೇ ನಿಂತಿತ್ತು! ಕೊನೆಗೆ ಅನಾಹುತವಾದರೆ ಹೊಣೆ ಯಾರದೆಂಬ ತಕರಾರು ಬಗೆಹರಿಯದೆ 2003ರಲ್ಲಿ ಒಪ್ಪಂದದ ಅವಧಿ ತೀರಿತು.

ಫಲ ಸಿಕ್ಕಿದ್ದು, ಕೈಯಲ್ಲಿದ್ದ ಕಸುಬಿಗೇ ಹೊಸ ಗಿರಾಕಿ ದೊರೆತ ಕಡೆ. 1993ರಿಂದ 2013ರವರೆಗೆ ರಷ್ಯಾ 500 ಟನ್ ಬಾಂಬ್ ದರ್ಜೆಯ ಯುರೇನಿಯಂ ಅನ್ನು ತೆಳುಗೊಳಿಸಿ ಅಮೆರಿಕದ ವಿದ್ಯುತ್ ಸ್ಥಾವರಗಳಿಗೆ ಮಾರಿತು. ಗುಪ್ತ ನಗರಗಳ ಕಾರ್ಖಾನೆಗಳಿಗೆ ಇದರಿಂದ ವರ್ಷಗಟ್ಟಲೆ ಕೆಲಸ ಸಿಕ್ಕಿತು.

ತೋಮ್‌ಸ್ಕ್-7ರ ಕಥೆಯನ್ನಂತೂ ನೀವು ತಿಳಿಯಲೇಬೇಕು. ಅಲ್ಲಿ ಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಸುತ್ತಿದ್ದ ರಿಯಾಕ್ಟರ್‌ಗಳೇ ಸೈಬೀರಿಯದ ಚಳಿಯಲ್ಲಿ ಮನೆಗಳಿಗೆ ಬಿಸಿನೀರು ಹರಿಸುತ್ತಿದ್ದವು. ಅವನ್ನು ನಿಲ್ಲಿಸಿದರೆ ಜನ ಹೆಪ್ಪುಗಟ್ಟಬೇಕಿತ್ತು. ಹಾಗಾಗಿ ಯಾರಿಗೂ ಬೇಡವಾದ ಪ್ಲುಟೋನಿಯಂ ಉತ್ಪಾದನೆಯಾಗುತ್ತಲೇ ಇತ್ತು. ಅಮೆರಿಕದ ಹಣದಿಂದ ಅಲ್ಲಿನ ಹಳೆಯ ಕಲ್ಲಿದ್ದಲು ಸ್ಥಾವರವನ್ನು ನವೀಕರಿಸಿದ ಮೇಲೆಯೇ, 2008ರಲ್ಲಿ, ಅವು ನಿಂತವು.

ಇನ್ನು ಬೇಲಿಯ ವಿಷಯ. ಅದನ್ನು ಕಿತ್ತುಹಾಕಿ ಎಂದು ಊರಿನವರೇ ಒತ್ತಾಯಿಸಿರಬೇಕೆಂದು ನೀವು ಊಹಿಸಬಹುದು. ಹಾಗಾಗಲಿಲ್ಲ. ಹೊರಗೆ ಕಳ್ಳತನ, ಗೂಂಡಾಗಿರಿ ಹೆಚ್ಚಿದ್ದ ಆ ದಿನಗಳಲ್ಲಿ ಬೇಲಿ ಇರಲಿ ಎಂದವರೇ ಬಹಳ. ಹತ್ತೂ ನಗರಗಳು ಇಂದಿಗೂ ಅನುಮತಿಯಿಲ್ಲದೆ ಹೊರಗಿನವರು ಕಾಲಿಡಲಾಗದ ಮುಚ್ಚಿದ ನಗರಗಳೇ.