ಶನಿವಾರದ ಹಾಜರಿ

ಪ್ರಿಯ ತಂಗಿಗೆ, ನಮಸ್ಕಾರ.

ಶಿವಮೊಗ್ಗದಲ್ಲಿ ಆರು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು, ಯಜಮಾನರ ಕೆಲಸದ ನಿಮಿತ್ತ ಏಳು ತಿಂಗಳ ಹಿಂದೆ ಪುಣೆಯ ವಾಕಡಿಗೆ ಬಂದಿರುವ ನೀವು ನನ್ನನ್ನು ಮೂರು ಪ್ರಶ್ನೆ ಕೇಳಿದ್ದೀರಿ. ಪರ ಊರಿನವಳಿಗೆ ಇಲ್ಲಿ ಸಮಾಜಸೇವೆಯ ಕೆಲಸ ಸಿಗುತ್ತದೆಯೇ, ಮರಾಠಿ ಬಾರದಿದ್ದರೆ ನಡೆಯುತ್ತದೆಯೇ, ಅಪಾರ್ಟ್‌ಮೆಂಟಿನ ನಾಲ್ವರು ಗೆಳತಿಯರ ಜೊತೆ ಸೇರಿ ಸ್ವಂತ ಟ್ರಸ್ಟ್ ನೋಂದಾಯಿಸಬಹುದೇ ಎಂದು. ನಾನು 1998ರಲ್ಲಿ ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದವಳು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳುವ ಒಂದು ಚಿಕ್ಕ ಮಹಿಳಾ ಸಂಸ್ಥೆಯಲ್ಲಿ ಮೊದಲು ಸ್ವಯಂಸೇವಕಿಯಾಗಿದ್ದು, 2014ರಿಂದ ಕಾರ್ಯದರ್ಶಿಯಾಗಿದ್ದೇನೆ. ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಟ್ರಸ್ಟ್ ಈಗ ಬೇಡ, ಇನ್ನೆರಡು ವರ್ಷವಾದರೂ ಬೇಡ. ಈಗಾಗಲೇ ನಡೆಯುತ್ತಿರುವ ಸಂಸ್ಥೆಯೊಂದರಲ್ಲಿ ವಾರಕ್ಕೆ ಒಂದು ದಿನ, ಒಂದೇ ಹೊತ್ತಿಗೆ, ತಪ್ಪದೆ ಹಾಜರಾಗುವ ಕೆಲಸವನ್ನು ಹಿಡಿಯಿರಿ.

ಭಾಷೆಯ ಚಿಂತೆಯನ್ನು ಬಿಡಿ. ತುಪ್ಪಕ್ಕೆ ತೂಪ ಎನ್ನುವ, ಅಕ್ಕನನ್ನು ಅಕ್ಕಾ ಎಂದೇ ಕರೆಯುವ ಮರಾಠಿ ನಮಗೆ ಅಷ್ಟೇನೂ ದೂರದ್ದಲ್ಲ, ಒಂದು ವರ್ಷ ಮಂಡಿಯಲ್ಲಿ ತರಕಾರಿ ಕೊಂಡರೆ ಅದು ತಾನಾಗಿಯೇ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ನಿಮ್ಮ ಕನ್ನಡಕ್ಕೇ ಇಲ್ಲಿ ಕೆಲಸವಿದೆ. ವಾಕಡ, ಬಾಣೇರ, ಹಿಂಜವಡಿಯ ಕಟ್ಟಡಗಳಲ್ಲಿ ಗೌಂಡಿಗಳಾಗಿಯೂ ಅವರ ಕೈಯಾಳು ಬಿಗಾರಿಗಳಾಗಿಯೂ ದುಡಿಯುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಬಹಳ ಮಂದಿ. ಅವರ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ಲಂಬಾಣಿಯನ್ನೋ ಆಡುತ್ತಾರೆ, ಕೂಲಿಯಾಳುಗಳ ಮೇಸ್ತ್ರಿಯಾದ ಮುಕಾದಮನ ಹಿಂದಿಯನ್ನು ಅರ್ಧಂಬರ್ಧ ತಿಳಿದುಕೊಳ್ಳುತ್ತಾರೆ, ಹತ್ತಿರದ ಪಾಲಿಕೆ ಶಾಲೆಗೆ ಹೋದರೆ ಮರಾಠಿಯ ಮುಂದೆ ಮೂಕರಾಗಿ ಕೂರುತ್ತಾರೆ. ನಿಮ್ಮ ಶಿವಮೊಗ್ಗದ ಕನ್ನಡವೂ ಅವರಿಗೆ ಮೊದಲ ದಿನ ನಗು ತರಿಸಬಹುದು. ನನ್ನ ಧಾರವಾಡದ ಮಾತಿಗೇ ಯಾದಗಿರಿಯ ಹುಡುಗರು ನಕ್ಕಿದ್ದರು.

ನಾನು ಮೊದಲ ಸಲ ಹೋದದ್ದು 2003ರಲ್ಲಿ, ಬಾಣೇರದ ಹನ್ನೊಂದು ಅಂತಸ್ತಿನ ಕಟ್ಟಡವೊಂದರ ತಳದಲ್ಲಿ ತಗಡಿನ ಶೆಡ್ಡಿನಡಿ ನಡೆಯುತ್ತಿದ್ದ ವರ್ಗಕ್ಕೆ. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ 19 ಮಕ್ಕಳು ಬರುತ್ತಿದ್ದರು. ಮೊದಲ ಮೂರು ತಿಂಗಳು ಉತ್ಸಾಹದಿಂದ ಹೋದೆ. ಆಮೇಲೆ ಮಗನ ಪರೀಕ್ಷೆ, ಅದರ ಬೆನ್ನಿಗೆ ಯುಗಾದಿ, ನೆಂಟರು ಎಂದು ಐದು ವಾರ ಹೋಗಲಿಲ್ಲ, ಹೋಗುವುದಿಲ್ಲವೆಂದು ಯಾರಿಗೂ ತಿಳಿಸಲೂ ಇಲ್ಲ. ಮರಳಿ ಹೋದಾಗ ಶೆಡ್ಡಿನಲ್ಲಿ ನಾಲ್ವರು ಮಾತ್ರ ಇದ್ದರು. ಉಳಿದವರು ಊರಿಗೆ ಹೋಗಿರಲಿಲ್ಲ. ಅದೇ ಕಟ್ಟಡದ ಮರಳಿನ ರಾಶಿಯ ಮೇಲೆ ಆಡುತ್ತಿದ್ದರು. ಬಾಗಿಲಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿದ್ದ ಒಂಬತ್ತು ವರ್ಷದ ಹುಡುಗಿಯನ್ನು ಏಕೆ ಒಳಗೆ ಬರುತ್ತಿಲ್ಲವೆಂದು ಕೇಳಿದೆ. "ನೀವೂ ಬ್ಯಾರೆ ಸೈಟಿಗಿ ಹೋದ್ರಿ ಅಂತ ತಿಳಕೊಂಡಿದ್ವಿ ರೀ" ಎಂದಳು. ಆ ಮಕ್ಕಳ ಬದುಕಿನಲ್ಲಿ ಎಲ್ಲರೂ ಎಂಟು ತಿಂಗಳಿಗೊಮ್ಮೆ ಬೇರೆ ಸೈಟಿಗೆ ಹೋಗುವವರೇ ಆದ್ದರಿಂದ ಅವಳ ಮಾತಿನಲ್ಲಿ ದೂರೇನೂ ಇರಲಿಲ್ಲ, ಮತ್ತು ಅದೇ ಕಾರಣಕ್ಕೆ ನಾನು ಅದನ್ನು ಇಂದಿಗೂ ಮರೆತಿಲ್ಲ.

ಅಕ್ಷರ ಕಲಿಸುವುದು ಈ ಕೆಲಸದ ಸುಲಭದ ಭಾಗ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಜನನ ದಾಖಲೆ ಇಲ್ಲವೆಂದೋ, ಹಿಂದಿನ ಶಾಲೆಯ ವರ್ಗಾವಣೆ ಪತ್ರ ಬಂದಿಲ್ಲವೆಂದೋ, ವರ್ಷದ ನಡುವೆ ಬಂದರೆಂದೋ ಮಗುವಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಯಲ್ಲಿಯೇ ಕೂರಿಸಬೇಕು. ಆದರೆ ಈ ಮಾತನ್ನು ಮುಖ್ಯಾಧ್ಯಾಪಕರ ಮುಂದೆ ವಿನಯದಿಂದ ಹೇಳಲು ಯಾರಾದರೂ ತಾಯಿಯ ಜೊತೆ ಹೋಗಬೇಕು, ತಾಯಿ ಅಂದಿನ ಕೂಲಿಯನ್ನು ಕಳೆದುಕೊಂಡು ಬಂದಿರುತ್ತಾಳೆ ಎಂಬುದನ್ನು ನೆನಪಿಟ್ಟು ಒಂದೇ ಭೇಟಿಯಲ್ಲಿ ಕೆಲಸ ಮುಗಿಸಬೇಕು. ಸ್ಲ್ಯಾಬುಗಳೆಲ್ಲ ಮುಗಿದು ಕುಟುಂಬ ಹೊರಟಾಗ ಮಗುವಿನ ಹೆಸರು, ಊರು, ಓದಿದ ತರಗತಿ, ಮುಂದಿನ ಸೈಟು, ಮುಕಾದಮನ ಫೋನ್ ನಂಬರು ಇವೆಲ್ಲ ನಮ್ಮ ವಹಿಯಲ್ಲಿ ಇರಬೇಕು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾಯ್ದೆ ಬಂದಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡರೆ ಮಕ್ಕಳ ಓದಿಗೂ ನೆರವುಂಟು, ಆ 90 ದಿನಕ್ಕೆ ಗುತ್ತಿಗೆದಾರನಿಂದ ಸಹಿ ಪಡೆಯುವುದೇ ಒಂದು ಸಾಹಸ. ಡೋರ್ ಸ್ಟೆಪ್ ಸ್ಕೂಲಿನಂಥ ಸಂಸ್ಥೆ 1980ರ ದಶಕದ ಕೊನೆಯಲ್ಲಿ ಆರಂಭವಾಗಿ ಮುಂಬೈ, ಪುಣೆಗಳಲ್ಲಿ ಬಸ್ಸನ್ನೇ ತರಗತಿಯಾಗಿಸಿ ಮಕ್ಕಳಿದ್ದಲ್ಲಿಗೆ ಹೋಗುವುದನ್ನು ನೋಡಿದರೆ ಕಲಿಯುವುದು ಎಷ್ಟಿದೆಯೆಂದು ತಿಳಿಯುತ್ತದೆ. ನೀವು ಐವರು ಹೊಸದಾಗಿ ಆರಂಭಿಸಿದರೆ ಇದೆಲ್ಲವನ್ನೂ ಮಕ್ಕಳ ಖರ್ಚಿನಲ್ಲಿ ಕಲಿಯುತ್ತೀರಿ.

ಇನ್ನು ಕಾಗದಪತ್ರದ ಮಾತು. ನಿಮಗೆ ಬೇಸರವಾದರೂ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1860ರ ಕಾಯ್ದೆಯಡಿ ಸೊಸೈಟಿ ಮಾಡಲು ಏಳು ಮಂದಿಯಾದರೂ ಬೇಕು. ಮಹಾರಾಷ್ಟ್ರದಲ್ಲಿ ಅಂಥ ಸಂಸ್ಥೆಯನ್ನೂ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ. ಪದಾಧಿಕಾರಿಗಳು ಬದಲಾದರೆ 90 ದಿನಗಳೊಳಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು, ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗಬೇಕು, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ ಬೇಕೆಂದರೆ ಆದಾಯ ತೆರಿಗೆ ಇಲಾಖೆಯ ದಾರಿ ಬೇರೆ, ಅದು ಸಿಕ್ಕ ಮೇಲೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ರಿಯಾಯಿತಿ ಇಲ್ಲ. 2014ರಲ್ಲಿ ನಾನು ಕಾರ್ಯದರ್ಶಿಯಾಗಿ ಕಪಾಟು ತೆರೆದಾಗ ನಮ್ಮ ಸಂಸ್ಥೆಯ ಚೇಂಜ್ ರಿಪೋರ್ಟ್ ಒಂಬತ್ತು ವರ್ಷದಿಂದ ಸಲ್ಲಿಕೆಯಾಗಿಲ್ಲವೆಂದು ತಿಳಿಯಿತು. ಕಾಗದದಲ್ಲಿ ಇನ್ನೂ ಅಧ್ಯಕ್ಷರಾಗಿದ್ದವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು! ಬ್ಯಾಂಕು ನಮ್ಮ ಸಹಿಯನ್ನು ಒಪ್ಪಲಿಲ್ಲ, ಒಪ್ಪದಿದ್ದುದು ನ್ಯಾಯವೇ. ಅದು ಸರಿಹೋಗಲು ಹಿಡಿದ 14 ತಿಂಗಳು ಮೂವರು ಶಿಕ್ಷಕಿಯರ ಮಾನಧನವನ್ನು ನಾವು ಏಳು ಜನ ಕೈಯಿಂದ ಹಾಕಿ ಕೊಟ್ಟೆವು. ಪಾಠ ಹೇಳುವುದರಲ್ಲಿ ನಮ್ಮ ಹಿರಿಯರನ್ನು ಮೀರಿಸುವವರಿರಲಿಲ್ಲ, ಲೆಕ್ಕ ಬರೆಯುವುದು ತಮ್ಮ ಕೆಲಸವಲ್ಲವೆಂದು ಮಾತ್ರ ಅವರು ತಿಳಿದಿದ್ದರು.

ಹೆಂಗಸರಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಹೊರನಾಡಿನ ನಮ್ಮ ಎಷ್ಟೋ ಸಂಘಗಳಲ್ಲಿ ವೇದಿಕೆಯ ಮೇಲೆ ಗಂಡಸರು, ರಂಗೋಲಿಗೂ ಉಪ್ಪಿಟ್ಟಿಗೂ ಮಹಿಳಾ ವಿಭಾಗ ಎಂಬ ಹಂಚಿಕೆ ನಡೆದುಬಂದಿದೆ. ನಿಮ್ಮನ್ನು ಸಮಿತಿಗೆ ಕರೆದರೆ ಖಜಾಂಚಿಯ ಸ್ಥಾನವನ್ನು ಕೇಳಿ. ಮನೆಯಲ್ಲಿ ಮಾತು ಬಂದೇ ಬರುತ್ತದೆ. ನನ್ನ ಅತ್ತೆಯವರು ಮೊದಲ ವರ್ಷವೆಲ್ಲ "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ನನಗೆ ಕೇಳುವಂತೆ ಹೇಳುತ್ತಿದ್ದರು. ಅದೇ ಅತ್ತೆಯವರು ಕೊನೆಯ ಐದು ವರ್ಷ ದೇಣಿಗೆಯ ರಸೀದಿಗಳನ್ನು ಅಂಕಿಯ ಕ್ರಮದಲ್ಲಿ ಜೋಡಿಸಿಡುತ್ತಿದ್ದರು.

ಪರ ಊರಿನವಳು ಎಂಬ ನಿಮ್ಮ ಅಳುಕಿಗೆ ಪುಣೆಯಲ್ಲೇ ಉತ್ತರವಿದೆ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಿಮ್ಮ ತುಂಗೆ ಹುಟ್ಟುವ ಗಂಗಾಮೂಲದಲ್ಲಿ. ಬರಗಾಲದಲ್ಲಿ ತಂದೆ ತಾಯಿಯನ್ನೂ, ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನೂ ಕಳೆದುಕೊಂಡ ಈಕೆ ಅಮೆರಿಕಕ್ಕೆ ಹೋಗಿ, 1887ರಲ್ಲಿ ಬಾಸ್ಟನ್ನಿನಲ್ಲಿ ತನ್ನ ಕೆಲಸಕ್ಕೆಂದೇ ಒಂದು ಸಂಘವನ್ನು ಕಟ್ಟಿಸಿ ಹತ್ತು ವರ್ಷದ ನೆರವಿನ ವಚನ ಪಡೆದುಕೊಂಡ ಮೇಲೆಯೇ 1889ರಲ್ಲಿ ಮುಂಬೈಯಲ್ಲಿ ವಿಧವೆಯರ ಓದಿಗೆಂದು ಶಾರದಾ ಸದನವನ್ನು ತೆರೆದದ್ದು. ಮರುವರ್ಷ ಅದು ಪುಣೆಗೆ ಬಂತು. ಉತ್ಸಾಹಕ್ಕಿಂತ ಮೊದಲು ಹತ್ತು ವರ್ಷದ ಖರ್ಚನ್ನು ಯೋಚಿಸಿದ ಈ ಬುದ್ಧಿಯನ್ನು ಗಮನಿಸಿ. 1893ರಲ್ಲಿ, ಕ್ರೈಸ್ತರಾಗಿದ್ದ ರಮಾಬಾಯಿ ಹುಡುಗಿಯರನ್ನೂ ಮತಾಂತರಿಸುತ್ತಾರೆಂಬ ಆರೋಪ ಎದ್ದು, ಸಲಹಾಮಂಡಳಿಯವರು ಹಿಂದೆ ಸರಿದು, ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರೂ ಸದನ ಮುಚ್ಚಲಿಲ್ಲ. ಅಲ್ಲಿ ಮೊದಲು ಓದಿದ ವಿಧವೆ ಗೋದುಬಾಯಿ ಅದೇ ವರ್ಷ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ, ಮುಂದೆ ಅವರು ವಿಧವೆಯರಿಗಾಗಿ ಕಟ್ಟಿದ ಹಿಂಗಣೆಯ ಆಶ್ರಮಕ್ಕಾಗಿ ಊರೂರು ತಿರುಗಿ ದೇಣಿಗೆ ಕೂಡಿಸಿದರು.

ಬರುವ ಶನಿವಾರ ಸಂಜೆ ನಾಲ್ಕಕ್ಕೆ ಐದು ನಿಮಿಷ ಇರುವಾಗ ಬನ್ನಿ. ದಾರಿಯನ್ನು ಫೋನಿನಲ್ಲಿ ಹೇಳುತ್ತೇನೆ. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ, ನೆಲದಲ್ಲಿ ಮೊಳೆಗಳಿರುತ್ತವೆ. ಮಕ್ಕಳಿಗೆಂದು ಬಿಸ್ಕತ್ತು, ಚಾಕಲೇಟು ತರಬೇಡಿ, ತಂದರೆ ಮುಂದಿನ ವಾರ ನಿಮ್ಮ ಮುಖವನ್ನಲ್ಲ, ಕೈಯನ್ನು ನೋಡುತ್ತಾರೆ. ಮೊದಲ ನಾಲ್ಕು ವಾರ ನಿಮಗೆ ಪಾಠದ ಕೆಲಸ ಕೊಡುವುದಿಲ್ಲ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ. ಬಂದ ಮಕ್ಕಳ ಹೆಸರು ಬರೆದುಕೊಂಡು, ಬಾರದವರನ್ನು ಹುಡುಕಿಕೊಂಡು ಶೆಡ್ಡಿನಿಂದ ಶೆಡ್ಡಿಗೆ ಹೋಗುವುದು ನಿಮ್ಮ ಪಾಲಿನ ಕೆಲಸ.