ಆಟಕ್ಕುಂಟು, ಲೆಕ್ಕಕ್ಕಿಲ್ಲ

ಶಾಲೆಯ ಮೈದಾನದಲ್ಲಿ ಮಕ್ಕಳು ಮಕ್ಕಳನ್ನೇ ಹೊರಗಿಡುವ ಬಗ್ಗೆ ಬಂದ ನಾಲ್ಕು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಮಗಳಿಗೆ 8 ವರ್ಷ. ಗೆಳತಿಯರು ಒಂದು ದಿನ ಆಟಕ್ಕೆ ಕರೆಯುತ್ತಾರೆ, ಮರುದಿನ ‘ಇವತ್ತು ನಾಲ್ಕೇ ಜನ’ ಎಂದು ಬಿಟ್ಟುಬಿಡುತ್ತಾರೆ. ಯಾರೂ ಹೊಡೆದಿಲ್ಲ, ಬೈದಿಲ್ಲ. ಟೀಚರಿಗೆ ಏನೆಂದು ಹೇಳಲಿ? ಇದು ಮಾಮೂಲಿ ಜಗಳವೇ?

ಉತ್ತರ: ಸರಿಸಮಾನರಾದ ಇಬ್ಬರು ಮುನಿಸಿಕೊಂಡು ಠೂ ಬಿಟ್ಟು, ಎರಡು ದಿನದಲ್ಲಿ ರಾಜಿಯಾದರೆ ಅದು ಜಗಳ. ನೀವು ಬರೆದಿರುವುದು ಬೇರೆ. ಈ ವಿಷಯದಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಪೀಡನೆಗೆ ಮೂರು ಗುರುತು ಕೊಟ್ಟಿದ್ದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಎರಡು ಕಡೆಯವರ ಬಲದಲ್ಲಿ ಅಂತರ. ಇಲ್ಲಿ ಬಲವೆಂದರೆ ತೋಳ್ಬಲವಲ್ಲ. ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವ ಅಧಿಕಾರ.

ಒಂದು ದಿನ ಸೇರಿಸಿ ಇನ್ನೊಂದು ದಿನ ಬಿಡುವುದೇ ಮಗುವನ್ನು ಹೆಚ್ಚು ಕಟ್ಟಿಹಾಕುತ್ತದೆ. ಪೂರ್ತಿ ಕೈಬಿಟ್ಟಿದ್ದರೆ ಅವಳು ಬೇರೆ ಜೊತೆ ಹುಡುಕಿಕೊಳ್ಳುತ್ತಿದ್ದಳು. ‘ಇವತ್ತು ಕರೆದಾರು’ ಎಂಬ ಆಸೆಯಿಂದ ಅಲ್ಲೇ ಸುಳಿದಾಡುತ್ತಾಳೆ, ಹೇಳಿದ್ದಕ್ಕೆಲ್ಲ ಹೂಂಗುಡುತ್ತಾಳೆ.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಕು, ಯಾವ ಆಟ, ಆಡಿದ ಮಾತು ಇದ್ದ ಹಾಗೇ, ಸುತ್ತ ಯಾರಿದ್ದರು, ಅವಳು ಆಮೇಲೆ ಎಲ್ಲಿಗೆ ಹೋದಳು. ‘ಇವತ್ತಾದರೂ ಸೇರಿಸಿಕೊಂಡರಾ?’ ಎಂದು ಮಾತ್ರ ದಿನವೂ ಕೇಳಬೇಡಿ. ಆ ಪ್ರಶ್ನೆ ಬೀಳುತ್ತಿದ್ದರೆ ಮಗು ನೋವಾದದ್ದನ್ನಷ್ಟೇ ಆಯ್ದುಕೊಂಡು ಮನೆಗೆ ತರುತ್ತದೆ, ಇಲ್ಲವೆ ನಿಮಗೆ ಬೇಸರವಾದೀತೆಂದು ಮುಚ್ಚಿಡುತ್ತದೆ. ‘ಏನು ಆಟ ಆಡಿದಿರಿ? ನೀನೇನಾಗಿದ್ದೆ?’ ಎಂದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಟೀಚರಿಗೆ ‘ನನ್ನ ಮಗಳಿಗೆ ಹಿಂಸೆ ಕೊಡುತ್ತಿದ್ದಾರೆ’ ಎನ್ನುವ ಬದಲು ‘10 ದಿನದಲ್ಲಿ 7 ದಿನ ಹೀಗಾಗಿದೆ, ಮಾತು ಇಂಥದ್ದು’ ಎಂದು ಹೇಳಿ. ಮೊದಲನೆಯದಕ್ಕೆ ಸಮಾಧಾನ ಸಿಗುತ್ತದೆ, ಎರಡನೆಯದಕ್ಕೆ ಗಮನ ಸಿಗುತ್ತದೆ. ಆ ಮಕ್ಕಳ ಅಪ್ಪ ಅಮ್ಮನಿಗೆ ನೀವೇ ಫೋನ್ ಮಾಡಲು ಹೋಗಬೇಡಿ. ಅವರು ತಮ್ಮ ಮಗುವಿನ ಪರ ನಿಲ್ಲುತ್ತಾರೆ, ಮರುದಿನ ನಿಮ್ಮ ಮಗಳಿಗೆ ‘ಚಾಡಿಕೋರಿ’ ಎಂಬ ಹೆಸರು ಬೀಳುತ್ತದೆ.

ಇಡೀ ಗುಂಪು ಅವಳನ್ನು ಒಪ್ಪಬೇಕೆಂಬ ಗುರಿಯನ್ನೇ ಬಿಡಿ. ಒಬ್ಬಳೇ ಗಟ್ಟಿ ಗೆಳತಿ ಇದ್ದರೂ ಇಂಥ ಕಾಟದ ಪೆಟ್ಟು ಕಡಿಮೆಯಾಗುತ್ತದೆ. ಆ ಗುಂಪಿನ ಹೊರಗಿನ ಒಬ್ಬಳನ್ನು ವಾರಕ್ಕೊಮ್ಮೆ ಮನೆಗೆ ಕರೆಯಿರಿ. ಒಂದೂವರೆ ಗಂಟೆ ಸಾಕು, ಇಬ್ಬರೂ ಸೇರಿ ಮಾಡುವ ಕೆಲಸವೊಂದಿರಲಿ. ಮೂವರನ್ನು ಕರೆಯಬೇಡಿ, ಮೂವರಿದ್ದಲ್ಲಿ ಇಬ್ಬರು ಒಂದಾಗಿಬಿಡುತ್ತಾರೆ.

ಪ್ರಶ್ನೆ: ಮಗ ಸಂಕೋಚದವನು. ‘ನಾನೂ ಬರಲಾ?’ ಎಂದು ಕೇಳುತ್ತಾನೆ, ‘ಬೇಡ’ ಎನ್ನುತ್ತಾರೆ. ಏನು ಹೇಳಿಕೊಡಲಿ?

ಉತ್ತರ: ಆ ಪ್ರಶ್ನೆಯನ್ನು ಕೇಳದಿರಲು ಹೇಳಿಕೊಡಿ. ನಡೆಯುತ್ತಿರುವ ಆಟ ನಿಲ್ಲಿಸಿ ಅನುಮತಿ ಕೇಳಿದರೆ ‘ಬೇಡ’ ಎನ್ನುವುದು ಸುಲಭ. ಮಕ್ಕಳು ಆಟದೊಳಗೆ ಸೇರುವ ಬಗೆಯನ್ನು ಮಾರ್ಥಾ ಪುಟಲಾಜ್ ಮತ್ತು ಜಾನ್ ಗಾಟ್‌ಮನ್ 1981ರಲ್ಲಿ ಅಧ್ಯಯನ ಮಾಡಿದ್ದರು. ಗೆಳೆಯರಿಗೆ ಬೇಡವಾಗಿದ್ದ ಮಕ್ಕಳು ಸೇರುವಾಗಲೇ ಹೆಚ್ಚು ತಕರಾರು ತೆಗೆಯುತ್ತಿದ್ದರು, ತಮ್ಮ ವಿಷಯ ಹೇಳಿಕೊಳ್ಳುತ್ತಿದ್ದರು, ಪ್ರಶ್ನೆ ಹಾಕಿ ಗಮನ ತಮ್ಮತ್ತ ಎಳೆಯುತ್ತಿದ್ದರು. ಎಲ್ಲರಿಗೂ ಬೇಕಾದವರು ನಡೆಯುತ್ತಿದ್ದ ಆಟಕ್ಕೇ ಹೊಂದಿಕೊಳ್ಳುತ್ತಿದ್ದರು.

ಹಾಗಾಗಿ ಮೊದಲು ಒಂದೆರಡು ನಿಮಿಷ ಹತ್ತಿರ ನಿಂತು ಆಟದ ಜಾಡು ಹಿಡಿಯಲಿ. ಆಮೇಲೆ ಆಟಕ್ಕೆ ಬೇಕಾದದ್ದೊಂದನ್ನು ಮಾಡಲಿ: ಉರುಳಿ ಬಂದ ಚೆಂಡು ಎತ್ತಿಕೊಡುವುದು, ‘ಒಳ್ಳೇ ಕ್ಯಾಚ್’ ಎನ್ನುವುದು. ಆಟ ಒಂದು ಸುತ್ತು ಮುಗಿದ ಗಳಿಗೆಯಲ್ಲಿ ‘ಆ ಕಡೆ ಒಬ್ಬರು ಕಮ್ಮಿ, ನಾನು ನಿಲ್ತೀನಿ’ ಎನ್ನಲಿ. ನಿಯಮ ತಿದ್ದಲು ಹೋಗಬಾರದು, ಇದ್ದಕ್ಕಿದ್ದಂತೆ ನುಗ್ಗಲೂಬಾರದು. ಮೂರೋ ನಾಲ್ಕೋ ಮಕ್ಕಳಿರುವ ಸಡಿಲ ಗುಂಪು ಆರಿಸಿಕೊಳ್ಳಲಿ. ಇಬ್ಬರೇ ತಲೆಗೆ ತಲೆ ಕೊಟ್ಟು ಕೂತಿದ್ದರೆ ಅಲ್ಲಿ ಜಾಗವಿರುವುದಿಲ್ಲ. ಮನೆಯಲ್ಲಿ ನೀವೇ ಆ ಹುಡುಗರಾಗಿ ನಾಲ್ಕೈದು ಸಲ ಅಭ್ಯಾಸ ಮಾಡಿಸಿ, ಒಂದೆರಡು ಸಲ ‘ಬೇಡ’ ಎಂದೂ ಹೇಳಿ. ಜನಪ್ರಿಯ ಮಕ್ಕಳಿಗೂ ‘ಬೇಡ’ ಎದುರಾಗುತ್ತದೆ. ಬೇರೆ ಗುಂಪಿನತ್ತ ನಡೆಯುವುದನ್ನೂ ಅವನು ಕಲಿಯಬೇಕು.

ಇದು ಸಂಕೋಚಕ್ಕೆ ಮದ್ದು. ಯಾರೋ ಮಾತಾಡಿಕೊಂಡು ಬೇಕೆಂದೇ ಹೊರಗಿಟ್ಟಿದ್ದರೆ ಮಗು ಎಷ್ಟು ಜಾಣತನ ಕಲಿತರೂ ಉಪಯೋಗವಿಲ್ಲ, ಅಲ್ಲಿ ದೊಡ್ಡವರೇ ಕೈಹಾಕಬೇಕು.

ಪ್ರಶ್ನೆ: ನಾನು ಶಿಕ್ಷಕಿ. ಮೈದಾನದಲ್ಲಿ 60 ಮಕ್ಕಳು, ನೋಡಿಕೊಳ್ಳಲು ಇಬ್ಬರು. ಕೇಳಿದರೆ ‘ಆಡ್ತಿದ್ದೀವಿ ಮಿಸ್’ ಎನ್ನುತ್ತಾರೆ. ಏನನ್ನು ಗಮನಿಸಲಿ?

ಉತ್ತರ: ಕೆನಡಾದ ಡೆಬ್ರಾ ಪೆಪ್ಲರ್ ಮತ್ತು ವೆಂಡಿ ಕ್ರೇಗ್ ಮಕ್ಕಳಿಗೆ ಮೈಕ್ ತೊಡಿಸಿ, ದೂರದಿಂದ ವಿಡಿಯೊ ಮಾಡಿ ಮೈದಾನವನ್ನು ಅಧ್ಯಯನ ಮಾಡಿದರು. ಕಂಡ ಪ್ರಕರಣಗಳಲ್ಲಿ ಶಿಕ್ಷಕರು ನಡುವೆ ಬಂದದ್ದು ತೀರಾ ಕಡಿಮೆ. ಎದುರಿಗೇ ನಡೆದರೂ ಆಟದಂತೆಯೇ ಕಾಣುವುದು ಇದಕ್ಕೊಂದು ಕಾರಣ. ಆದ್ದರಿಂದ ಗಲಾಟೆ ಹುಡುಕಬೇಡಿ, ಆಟದ ರಚನೆ ನೋಡಿ. ಒಂದು ಮಗು ಬಂದ ಕೂಡಲೇ ನಿಯಮ ಬದಲಾಗುತ್ತದೆಯೇ? ದಿನವೂ ಅದೇ ಮಗುವೇ ಕಳ್ಳನೇ? ಚೆಂಡು ತರುವುದು ಯಾವಾಗಲೂ ಅದರ ಪಾಲೇ? ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಯಾರನ್ನಿಟ್ಟಿದ್ದಾರೆ? ಒಬ್ಬಳ ಮಾತನ್ನು ಇನ್ನೊಬ್ಬಳು ಹೊತ್ತು ತಂದು ‘ಅವಳು ನಿನ್ ಜೊತೆ ಮಾತಾಡಬೇಡ ಅಂದ್ಲು’ ಎನ್ನುತ್ತಾಳೆಯೇ? ಎತ್ತಿಕಟ್ಟುವವಳು ಮುಂದೆ ಕಾಣುವುದೇ ಇಲ್ಲ.

ಮೊದಲು ನೀವೇ ನಿಲ್ಲಿಸಬಹುದಾದದ್ದು ಒಂದಿದೆ: ಇಬ್ಬರು ನಾಯಕರು ಎಲ್ಲರೆದುರು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ಪದ್ಧತಿ. ಕೊನೆಗೆ ಉಳಿಯುವ ಮಗು ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. ಒಂದು, ಎರಡು ಎಂದು ಎಣಿಸಿ ತಂಡ ಮಾಡಿ. ನಿಯಮವನ್ನು ಆಟ ಶುರುವಾಗುವ ಮೊದಲಷ್ಟೇ ಬದಲಿಸಬಹುದೆಂದು ಗೊತ್ತುಮಾಡಿ. ಪಾತ್ರಗಳು ಸುತ್ತು ಸುತ್ತಿಗೂ ಬದಲಾಗಲಿ.

ಏನಾದರೂ ಕಂಡರೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ಸಾರಿ ಹೇಳು’ ಎನ್ನಬೇಡಿ. ಬಲಾಢ್ಯಳು ಸಲೀಸಾಗಿ ಸಾರಿ ಹೇಳುತ್ತಾಳೆ, ನೊಂದವಳು ನಿಮ್ಮೆದುರು ಬಾಯಿಬಿಡುವುದಿಲ್ಲ. ಒಬ್ಬೊಬ್ಬರನ್ನೇ ಕರೆದು ಐದೈದು ನಿಮಿಷ ಮಾತಾಡಿ, ನೋಡುತ್ತ ನಿಂತಿದ್ದವರನ್ನೂ ಕರೆಯಿರಿ. ಅದೇ ಸಂಶೋಧಕರ ತಂಡದ 2001ರ ವರದಿ ಇದರ ಕಾರಣ ಹೇಳುತ್ತದೆ: ಮಕ್ಕಳೇ ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು. ಎದುರಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ‘ಬಾ, ನಮ್ಮ ಜೊತೆ ಆಡು’ ಎಂದು ಕೈಹಿಡಿದು ಕರೆದೊಯ್ಯುವುದು ಹೆಚ್ಚಿನವರಿಗೆ ಆಗುತ್ತದೆ, ಅದನ್ನೇ ಕೇಳಿ. ಒಂದು ವಾರ ಬಿಟ್ಟು ನೊಂದ ಮಗುವನ್ನು ಮತ್ತೆ ವಿಚಾರಿಸಿ. ಹೆಚ್ಚಿನವರು ಮರೆಯುವುದು ಇದನ್ನೇ.

ಪ್ರಶ್ನೆ: ಎಲ್ಲರನ್ನೂ ಎತ್ತಿಕಟ್ಟುವುದು ನಮ್ಮ ಮಗಳೇ ಎಂದು ಶಾಲೆಯವರು ಹೇಳಿದರು. ಮನೆಯಲ್ಲಿ ಬಹಳ ಒಳ್ಳೆಯವಳು. ನಂಬಲೇ ಆಗುತ್ತಿಲ್ಲ.

ಉತ್ತರ: ಎರಡೂ ನಿಜವಿರಬಹುದು. ಇದಕ್ಕೆ ಇತರರ ಮನಸ್ಸು ಓದುವ ಚುರುಕುತನ ಬೇಕು, ಅಂಥ ಮಕ್ಕಳು ದೊಡ್ಡವರೊಂದಿಗೂ ಚೆನ್ನಾಗಿಯೇ ನಡೆದುಕೊಳ್ಳುತ್ತಾರೆ. (ಇದು ಹುಡುಗಿಯರ ಗುಣ ಎನ್ನುವುದನ್ನು ನಂಬಬೇಡಿ. ಹುಡುಗರೂ ಹೆಚ್ಚುಕಡಿಮೆ ಇಷ್ಟೇ ಮಾಡುತ್ತಾರೆ.)

‘ನೀನು ಕೆಟ್ಟವಳು’ ಎನ್ನಬೇಡಿ, ‘ಯಾಕೆ ಮಾಡಿದೆ?’ ಎಂದೂ ಕೇಳಬೇಡಿ. ಮೊದಲ ಮಾತಿಗೆ ಅಳು, ಎರಡನೆಯದಕ್ಕೆ ಕಟ್ಟುಕತೆ ಬರುತ್ತದೆ. ಗೊತ್ತಿರುವುದನ್ನು ನೇರವಾಗಿ ಹೇಳಿ: ‘ಸೋಮವಾರ ಅವಳ ಜೊತೆ ಆಡಬೇಡಿ ಅಂತ ಮೂರು ಜನಕ್ಕೆ ಹೇಳಿದ್ದೀಯ.’ ಆಮೇಲೆ ಗೆರೆ ಎಳೆಯಿರಿ: ‘ನೀನು ಯಾರ ಜೊತೆ ಆಡಬೇಕೆನ್ನುವುದು ನಿನ್ನಿಷ್ಟ. ಬೇರೆಯವರು ಯಾರ ಜೊತೆ ಆಡಬೇಕೆನ್ನುವುದು ನಿನ್ನಿಷ್ಟ ಅಲ್ಲ.’ ಎಂಟು ಒಂಬತ್ತು ವರ್ಷದವರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಅರ್ಥವಾಗುತ್ತದೆ.

ಕೆಡಿಸಿದ್ದನ್ನು ಸರಿಪಡಿಸುವುದೂ ಅವಳ ಕೆಲಸವೇ. ಆ ಮೂವರಲ್ಲಿ ಒಬ್ಬೊಬ್ಬರಿಗೂ ‘ನಾನು ಹಾಗೆ ಹೇಳಿದ್ದು ತಪ್ಪು, ನೀವು ಅವಳ ಜೊತೆ ಆಡಿ’ ಎಂದು ಅವಳೇ ಹೇಳಬೇಕು. ನೊಂದ ಹುಡುಗಿಯ ಜೊತೆ ಬಲವಂತವಾಗಿ ಆಡಿಸಬೇಡಿ, ಆ ಹುಡುಗಿಗೆ ಅದು ಇನ್ನೊಂದು ಶಿಕ್ಷೆಯಾಗುತ್ತದೆ. ಹೇಳಿದಳೋ ಇಲ್ಲವೋ ಎಂದು ಎರಡು ದಿನ ಬಿಟ್ಟು ಟೀಚರನ್ನು ಕೇಳಿ ಖಚಿತಪಡಿಸಿಕೊಳ್ಳಿ.