‘ಫಾಲ್ ಔಟ್’ ಅಂದರೆ ಬೀಳುವುದಾ, ಜಗಳವಾ?

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನೀವು ಕೇಳಿದ್ದು: ‘ದೇ ಫೆಲ್ ಔಟ್’ ಅಂದರೆ ‘ಅವರು ಹೊರಗೆ ಬಿದ್ದರು’ ಅಂತಲಾ?

ಇಲ್ಲಿ ಹಾಗಲ್ಲ. ಜಗಳವಾಗಿ ಸಂಬಂಧ ಕೆಟ್ಟಿತು, ಮಾತು ಬಿಟ್ಟರು ಅಂತ ಅರ್ಥ. ‘ಆರ್ಗ್ಯೂ’ ಜೊತೆ ಇದನ್ನು ಕಲಸಬೇಡಿ. ಸೂಪರ್ ಮಾರ್ಕೆಟ್‌ನಲ್ಲಿ ಇಬ್ಬರು ಗೆಳೆಯರು ತೊಗರಿ ರೇಟಿನ ಬಗ್ಗೆ ಜೋರಾಗಿ ವಾದ ಮಾಡಿ, ಆಮೇಲೆ ಜೊತೆಗೇ ಚಹಾ ಕುಡಿದರೆ ಅದು ಬರೀ ಆರ್ಗ್ಯೂ. ಮರುದಿನ ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋದರೆ, ಆಗ ಫಾಲ್ ಔಟ್. ವಾದ ಮುಗಿದ ಮೇಲೂ ಮುನಿಸು ಉಳಿಯುತ್ತದೆ, ಅಲ್ವಾ? ಈ ಪದದ ಜೀವ ಅದೇ.

ಯಾರ ಜೊತೆ ಅನ್ನಲು ‘ವಿತ್’, ಯಾವ ವಿಷಯಕ್ಕೆ ಅನ್ನಲು ‘ಓವರ್’ ಅಥವಾ ‘ಅಬೌಟ್’ ಬರುತ್ತದೆ. ‘ಹೀ ಫೆಲ್ ಔಟ್ ವಿತ್ ಹಿಸ್ ಬ್ರದರ್ ಓವರ್ ದ ಲ್ಯಾಂಡ್.’ ಹೊಲದ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟ. ‘ವಿತ್’ ಮರೆಯುವವರೇ ಜಾಸ್ತಿ. ‘ಫೆಲ್ ಔಟ್ ಹಿಸ್ ಬ್ರದರ್’ ಅಂದರೆ ತಪ್ಪು. ಹ್ಯಾವ್, ಹ್ಯಾಡ್ ಬಂದಾಗ ‘ಫಾಲನ್ ಔಟ್’ ಆಗುತ್ತದೆ.

ಈ ಬಳಕೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಜಾಸ್ತಿ. ಇದನ್ನೇ ನಾಮಪದವಾಗಿಸಿ ‘ದೇ ಹ್ಯಾಡ್ ಎ ಫಾಲಿಂಗ್ ಔಟ್’ ಅನ್ನುವುದನ್ನು ಅಮೆರಿಕದವರೂ ಹೇಳುತ್ತಾರೆ.

ಕೂದಲು, ಹಲ್ಲು ಉದುರುವುದಕ್ಕೂ ಫಾಲ್ ಔಟ್ ಅನ್ನುತ್ತಾರೆ. ಹಾಗಾಗಿ ವಾಕ್ಯ ಪೂರ್ತಿ ಓದಿ. ಇನ್ನು ಎರಡೂ ಪದ ಸೇರಿಸಿ ‘ಫಾಲೌಟ್’ ಅಂತ ಬರೆದರೆ ಅದು ನಾಮಪದ: ಅಣುಸ್ಫೋಟದ ನಂತರ ಉದುರುವ ವಿಕಿರಣದ ಧೂಳು, ಅಥವಾ ಯಾವುದೋ ಘಟನೆಯ ಕೆಟ್ಟ ಪರಿಣಾಮ.

ಮುನಿಸು ಬಿಟ್ಟು ಮತ್ತೆ ಒಂದಾಗುವುದಕ್ಕೆ ‘ಮೇಕ್ ಅಪ್’. ಇದನ್ನೂ ಜೊತೆಗೇ ಕಲಿತುಬಿಡಿ.